ಮೊದಲ ಸ್ಟುಡಿಯೋ ದೀಪ: ಸ್ಪೀಡ್‌ಲೈಟ್, ಮೊನೊಲೈಟ್, ಎಲ್‌ಇಡಿಗಳ ಹೋಲಿಕೆ

ಸ್ಟುಡಿಯೋ ಬೆಳಕಿಗೆ ಮೊದಲ ಬಾರಿ ಹಣ ಹಾಕುವ ಛಾಯಾಗ್ರಾಹಕರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಕ್ಯಾಮೆರಾದ ನೆತ್ತಿಯ ಮೇಲೆ ಕೂರುವ ಸಣ್ಣ ಫ್ಲ್ಯಾಶ್ ಆದ ಸ್ಪೀಡ್‌ಲೈಟ್, ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುವ ಸ್ಟುಡಿಯೋ ಫ್ಲ್ಯಾಶ್ ಆದ ಮೊನೊಲೈಟ್, ಒಂದೇ ಸಮನೆ ಉರಿಯುವ ಎಲ್‌ಇಡಿ ದೀಪ, ಮತ್ತು ಸ್ಟ್ಯಾಂಡಿನ ಸಮೇತ ಜೋಡಿಯಾಗಿ ಅಗ್ಗದಲ್ಲಿ ಸಿಗುವ ಸಿಎಫ್‌ಎಲ್ ಕಿಟ್, ಅಂದರೆ ಬೆಳಕನ್ನು ಮೃದುವಾಗಿಸುವ ಸಾಫ್ಟ್‌ಬಾಕ್ಸ್ ಎಂಬ ಬಟ್ಟೆಯ ಪೆಟ್ಟಿಗೆಯೊಳಗೆ ಸುರುಳಿ ಬಲ್ಬು ಉರಿಸುವ ದೀಪ. ಇವುಗಳ ಆರಂಭಿಕ ಮಾದರಿಗಳ ಬೆಲೆಗಳು ಒಂದಕ್ಕೊಂದು ಹತ್ತಿರವೇ ಇರುವುದರಿಂದ ಬೆಲೆ ನೋಡಿ ಆರಿಸುವುದು ಕಷ್ಟ. ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಆರಿಸುವುದು ಇನ್ನೂ ಕಷ್ಟ, ಏಕೆಂದರೆ ಒಂದೊಂದು ಡಬ್ಬಿಯ ಸಂಖ್ಯೆಯೂ ಬೇರೆ ಬೇರೆ ಸಂಗತಿಯನ್ನು ಅಳೆಯುತ್ತದೆ. ಈ ಗೊಂದಲವನ್ನು ಬಿಡಿಸುವ ಪ್ರಶ್ನೆ ನನ್ನ ಮಟ್ಟಿಗೆ ಒಂದೇ: ನೀವು ತೆಗೆಯುವ ಚಿತ್ರದಲ್ಲಿ ಶಟರನ್ನು ಎಷ್ಟು ಹೊತ್ತು ತೆರೆದಿಡಲು ಸಾಧ್ಯ?

ವ್ಯಾಟ್ ಬೇರೆ, ವ್ಯಾಟ್-ಸೆಕೆಂಡ್ ಬೇರೆ

ಎಲ್‌ಇಡಿ ದೀಪದ ಮೇಲೆ 60 ವ್ಯಾಟ್ ಎಂದಿದ್ದರೆ ಅದು ಪ್ರತಿ ಸೆಕೆಂಡಿಗೆ 60 ಜೂಲ್ ವಿದ್ಯುತ್ತನ್ನು ಬಳಸುತ್ತದೆ ಎಂದರ್ಥ. ಫ್ಲ್ಯಾಶಿನ ಮೇಲೆ 60 ವ್ಯಾಟ್-ಸೆಕೆಂಡ್ ಎಂದಿದ್ದರೆ, ಕೆಪಾಸಿಟರಿನಲ್ಲಿ ಕೂಡಿಟ್ಟ 60 ಜೂಲ್ ಶಕ್ತಿಯನ್ನು ಅದು ಸೆಕೆಂಡಿನ ಅತಿಸಣ್ಣ ಭಾಗದಲ್ಲಿ ಒಂದೇ ಬಾರಿಗೆ ಸುರಿಯುತ್ತದೆ ಎಂದರ್ಥ. ಈಗ ಕ್ಯಾಮೆರಾದ ಶಟರ್ ಸೆಕೆಂಡಿನ 1/60 ಭಾಗ ಮಾತ್ರ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಎಲ್‌ಇಡಿ ಬಳಸಿದ ಶಕ್ತಿ ಒಂದೇ ಒಂದು ಜೂಲ್, ಫ್ಲ್ಯಾಶ್ ಸುರಿದದ್ದು ಅರವತ್ತೂ ಜೂಲ್. ಅರವತ್ತು ಪಟ್ಟು ಎಂದರೆ ಛಾಯಾಗ್ರಹಣದ ಲೆಕ್ಕದಲ್ಲಿ ಸುಮಾರು ಆರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ ಅಥವಾ ಅರ್ಧ). ವಿದ್ಯುತ್ತನ್ನು ಬೆಳಕಾಗಿಸುವುದರಲ್ಲಿ ಎಲ್‌ಇಡಿ ಫ್ಲ್ಯಾಶಿಗಿಂತ ದಕ್ಷವಾದದ್ದರಿಂದ ಈ ಅಂತರ ಒಂದು, ಒಂದೂವರೆ ಸ್ಟಾಪಿನಷ್ಟು ತಗ್ಗುತ್ತದೆ. ಹಾಗಿದ್ದರೂ ನಾಲ್ಕೈದು ಸ್ಟಾಪ್ ಉಳಿದೇ ಉಳಿಯುತ್ತದೆ. ಸಣ್ಣ ಫ್ಲ್ಯಾಶಿನಿಂದ ಎಫ್/8 (ಲೆನ್ಸಿನ ಕಿಂಡಿಯಾದ ಅಪರ್ಚರಿನ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ರಲ್ಲಿ ತೆಗೆಯಬಹುದಾದ ಭಾವಚಿತ್ರವನ್ನು ಅದೇ ದೂರದಿಂದ, ಅದೇ ಸಾಫ್ಟ್‌ಬಾಕ್ಸಿನೊಳಗಿನ ಎಲ್‌ಇಡಿಯಿಂದ ತೆಗೆಯಬೇಕಾದರೆ ಎಫ್/2.8 ಮತ್ತು ಐಎಸ್‌ಒ 400ರ ಆಸುಪಾಸಿಗೆ ಇಳಿಯಬೇಕಾಗುತ್ತದೆ, ಅದೂ 1/60ರಷ್ಟು ನಿಧಾನದ ಶಟರಿನಲ್ಲಿ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಎದುರಿಗಿರುವುದು ಅಲುಗಾಡದ ಒಂದು ಕೈಗಡಿಯಾರ ಅಥವಾ ಪಿಂಗಾಣಿ ಬಟ್ಟಲು, ಕ್ಯಾಮೆರಾ ಟ್ರೈಪಾಡಿನ ಮೇಲಿದೆ, ಶಟರನ್ನು ಪೂರ್ತಿ ಒಂದು ಸೆಕೆಂಡು ತೆರೆದಿಟ್ಟರೂ ಯಾವ ನಷ್ಟವೂ ಇಲ್ಲ ಎಂದಾದರೆ 60 ವ್ಯಾಟಿನ ಆ ಎಲ್‌ಇಡಿಯೂ ಅರವತ್ತು ಜೂಲನ್ನೇ ಕೊಡುತ್ತದೆ, ಫ್ಲ್ಯಾಶಿನ ಮೇಲುಗೈ ಅಲ್ಲಿಗೆ ಮುಗಿಯಿತು. ಆದ್ದರಿಂದ ‘ಎಲ್‌ಇಡಿ ಒಳ್ಳೆಯದೋ ಫ್ಲ್ಯಾಶ್ ಒಳ್ಳೆಯದೋ’ ಎಂಬ ಚರ್ಚೆಗೆ ತೆಗೆಯುವ ವಸ್ತುವನ್ನು ಹೆಸರಿಸದೆ ಉತ್ತರವೇ ಇಲ್ಲ. ಮಕ್ಕಳು, ಸಾಕುಪ್ರಾಣಿಗಳು, ನೃತ್ಯ, ಗುಂಪಿನ ಚಿತ್ರ ಎಂದರೆ ಫ್ಲ್ಯಾಶ್. ನಿಶ್ಚಲ ವಸ್ತು, ತಟ್ಟೆಯಲ್ಲಿನ ಆಹಾರ, ವಿಡಿಯೊ ಎಂದರೆ ಎಲ್‌ಇಡಿ. ಕುಳಿತ ಒಬ್ಬ ವ್ಯಕ್ತಿಯ ಭಾವಚಿತ್ರಕ್ಕೆ ಎರಡೂ ಆದೀತು, ಆದರೆ ಅಲ್ಲಿಯೂ ನನ್ನ ಒಲವು ಫ್ಲ್ಯಾಶಿನ ಕಡೆಗೆ.

ಸ್ಪೀಡ್‌ಲೈಟ್

ಕಡಿಮೆ ಹಣದಲ್ಲಿ ಭಾವಚಿತ್ರ ಕಲಿಯಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಟಿಟಿಎಲ್ ಇಲ್ಲದ, ಕೈಯಿಂದಲೇ ಶಕ್ತಿ ಹೊಂದಿಸುವ ಸ್ಪೀಡ್‌ಲೈಟನ್ನು. ನಾಲ್ಕು ಎಎ ಸೆಲ್ಲುಗಳಿಂದ ನಡೆಯುವ ಈ ಫ್ಲ್ಯಾಶುಗಳ ಶಕ್ತಿ ಸಾಮಾನ್ಯವಾಗಿ 60ರಿಂದ 75 ವ್ಯಾಟ್-ಸೆಕೆಂಡಿನಷ್ಟಿರುತ್ತದೆ. ಬೆಳಕನ್ನು ತಾನೇ ಅಳೆದು ಹೊಂದಿಸುವ ಟಿಟಿಎಲ್ ಸೌಕರ್ಯ ಮದುವೆ ಮನೆಯಲ್ಲಿ ಓಡಾಡುತ್ತ ಚಿತ್ರ ತೆಗೆಯುವವರಿಗೆ ನಿಜಕ್ಕೂ ಉಪಯುಕ್ತ. ಸ್ಟ್ಯಾಂಡಿನ ಮೇಲೆ ನಿಂತ ದೀಪವೂ ಕುರ್ಚಿಯ ಮೇಲೆ ಕುಳಿತ ವ್ಯಕ್ತಿಯೂ ಕದಲದ ಕೋಣೆಯಲ್ಲಿ ಅದಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಒಂದು ಚಿತ್ರ ತೆಗೆದು ನೋಡಿ, ಬೆಳಕು ಹೆಚ್ಚಾಗಿದ್ದರೆ ಫ್ಲ್ಯಾಶನ್ನು ಪೂರ್ಣ ಶಕ್ತಿಯ 1/4ರಿಂದ 1/8ಕ್ಕೆ ಇಳಿಸಿದರಾಯಿತು. ಹಾಗೆ ಕೈಯಿಂದ ಇಳಿಸಿ ಏರಿಸುವಾಗ ಕಲಿಯುವಷ್ಟನ್ನು ಟಿಟಿಎಲ್ ಕಲಿಸುವುದಿಲ್ಲ ಎಂಬುದೂ ಒಂದು ಲಾಭ.

ಕ್ಯಾಮೆರಾದ ಮೇಲೆಯೇ ಕೂರಿಸಿ ಮುಖಕ್ಕೆ ನೇರವಾಗಿ ಹೊಡೆದ ಫ್ಲ್ಯಾಶಿನ ಬೆಳಕು ಚಪ್ಪಟೆಯಾಗಿರುತ್ತದೆ. ಅದನ್ನು ಸ್ಟ್ಯಾಂಡಿಗೆ ಏರಿಸಿ ಪಕ್ಕಕ್ಕೆ ಸರಿಸಿದಾಗಲೇ ಸ್ಟುಡಿಯೋ ಬೆಳಕು ಶುರುವಾಗುವುದು, ಅದಕ್ಕೆ ದೂರದಿಂದಲೇ ಫ್ಲ್ಯಾಶನ್ನು ಮಿಂಚಿಸುವ ರೇಡಿಯೊ ಟ್ರಿಗರ್ ಬೇಕು. ಗೊಡಾಕ್ಸ್ ಟಿಟಿ600ರಂತಹ ಮಾದರಿಗಳಲ್ಲಿ 2.4 ಗಿಗಾಹರ್ಟ್ಸ್ ರೇಡಿಯೊ ರಿಸೀವರ್ ಒಳಗೇ ಇರುವುದರಿಂದ ಕ್ಯಾಮೆರಾದ ಹಾಟ್ ಶೂವಿಗೆ (ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೆ) ಒಂದು ಟ್ರಾನ್ಸ್‌ಮಿಟರ್ ಕೊಂಡರೆ ಸಾಕಾಗುತ್ತದೆ, ಮತ್ತು ಅದರಿಂದಲೇ ಫ್ಲ್ಯಾಶಿನ ಶಕ್ತಿಯನ್ನೂ ಬದಲಿಸಬಹುದು. ಇಂತಹ ಟ್ರಾನ್ಸ್‌ಮಿಟರುಗಳು ಕ್ಯಾನನ್, ನಿಕಾನ್, ಸೋನಿಗಳಿಗೆ ಬೇರೆ ಬೇರೆಯಾಗಿ ತಯಾರಾಗುತ್ತವೆ. ಡಬ್ಬಿಯ ಮೇಲಿನ ಅಕ್ಷರವನ್ನು ಗಮನಿಸದೆ ತಂದವರು ವಾಪಸ್ ಕೊಡಲು ಅಲೆಯಬೇಕಾಗುತ್ತದೆ.

ಸ್ಪೀಡ್‌ಲೈಟುಗಳನ್ನು ಪರಸ್ಪರ ಹೋಲಿಸುವಾಗ ಗೈಡ್ ನಂಬರನ್ನು ಪೂರ್ತಿಯಾಗಿ ನಂಬಬೇಡಿ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಬೇಕಾದ ಅಪರ್ಚರ್ ಸಿಗುತ್ತದೆ ಎಂಬ ಸೂತ್ರ ಸರಿಯೇ. 40 ಎಂಬ ಗೈಡ್ ನಂಬರಿನ ಫ್ಲ್ಯಾಶನ್ನು ಐದು ಮೀಟರ್ ದೂರದಲ್ಲಿಟ್ಟರೆ ಐಎಸ್‌ಒ 100ರಲ್ಲಿ ಎಫ್/8. ಆದರೆ ತಯಾರಕರು ಈ ಸಂಖ್ಯೆಯನ್ನು ಫ್ಲ್ಯಾಶಿನ ತಲೆಯನ್ನು ಅತ್ಯಂತ ಕಿರಿದಾದ ಕಿರಣಕ್ಕೆ ಜೂಮ್ ಮಾಡಿ ಅಳೆದಿರುತ್ತಾರೆ. 200 ಮಿಲಿಮೀಟರ್ ಜೂಮಿನಲ್ಲಿ ಅಳೆದ 60ನ್ನು 105 ಮಿಲಿಮೀಟರಿನಲ್ಲಿ ಅಳೆದ 58ರ ಪಕ್ಕದಲ್ಲಿಟ್ಟು ಮೊದಲನೆಯದೇ ಬಲಶಾಲಿ ಎನ್ನಲಾಗದು. ಬೆಳಕನ್ನು ಹರಡಿ ಮೃದುವಾಗಿಸುವ ಸ್ಟುಡಿಯೋ ಛತ್ರಿಯೊಳಗೆ ಹಾರಿಸುವಾಗ ಈ ಜೂಮ್ ಪ್ರಯೋಜನಕ್ಕೇ ಬಾರದು.

ಇದರ ಕೊರತೆಗಳೂ ಸಣ್ಣವಲ್ಲ. ಪೂರ್ಣ ಶಕ್ತಿಯಲ್ಲಿ ಒಮ್ಮೆ ಮಿಂಚಿದ ಮೇಲೆ ಮತ್ತೆ ಸಿದ್ಧವಾಗಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ, ಸೆಲ್ ಬಳಲಿದಂತೆ ಇನ್ನೂ ಹೆಚ್ಚು. ಎಡೆಬಿಡದೆ ಹಾರಿಸಿದರೆ ತಲೆ ಬಿಸಿಯಾಗಿ ತಾನಾಗಿಯೇ ನಿಂತುಬಿಡುತ್ತದೆ. ಆಲ್ಕಲೈನ್ ಸೆಲ್ಲುಗಳ ಬದಲು ಮರುಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳ ಎರಡು ಜೊತೆಯನ್ನು ಮೊದಲ ದಿನವೇ ಕೊಳ್ಳುವುದು ಜಾಣತನ. ಬೆಳಕು ಎಲ್ಲಿ ಬೀಳುತ್ತದೆ ಎಂದು ಮೊದಲೇ ತೋರಿಸುವ ಮಾಡೆಲಿಂಗ್ ದೀಪ ಹೆಚ್ಚಿನವುಗಳಲ್ಲಿ ಇಲ್ಲದಿರುವುದರಿಂದ ಆರಂಭದ ಕೆಲವು ವಾರ ಮೂಗಿನ ನೆರಳು ಎತ್ತ ಹೋಗುತ್ತದೆಂದು ಊಹಿಸಿಯೇ ನಡೆಯಬೇಕು.

ಮೊನೊಲೈಟ್

ಒಂದೇ ಕೋಣೆಯಲ್ಲಿ, ಪ್ಲಗ್ಗಿನ ಪಕ್ಕದಲ್ಲಿಯೇ ಕೆಲಸ ಮಾಡುವವರಿಗೆ ಮೊನೊಲೈಟ್ ಹೆಚ್ಚು ನೆಮ್ಮದಿ ಕೊಡುತ್ತದೆ. 200ರಿಂದ 400 ವ್ಯಾಟ್-ಸೆಕೆಂಡಿನ ಶಕ್ತಿ, ಸೆಲ್ಲಿನ ಚಿಂತೆಯಿಲ್ಲದಿರುವುದು, ನೇರವಾಗಿ ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಮೌಂಟ್, ಮಾಡೆಲಿಂಗ್ ದೀಪ, ಇವೆಲ್ಲ ಒಂದರಲ್ಲಿಯೇ ಬರುತ್ತವೆ. ಶಕ್ತಿಯ ವಿಷಯದಲ್ಲಿ ಹೊಸಬರು ಹಾಕುವ ಲೆಕ್ಕ ಮಾತ್ರ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಗರಿಷ್ಠ ಶಕ್ತಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸಣ್ಣ ಕೋಣೆಯಲ್ಲಿ ಕಾಡುವುದು ಕನಿಷ್ಠ ಶಕ್ತಿ. ಅಗ್ಗದ ಮೊನೊಲೈಟುಗಳಲ್ಲಿ ಶಕ್ತಿಯನ್ನು 1/16 ಅಥವಾ 1/32ಕ್ಕಿಂತ ಕೆಳಗೆ ಇಳಿಸಲಾಗುವುದಿಲ್ಲ. 300 ವ್ಯಾಟ್-ಸೆಕೆಂಡಿನ 1/16 ಎಂದರೆ ಸುಮಾರು 19 ವ್ಯಾಟ್-ಸೆಕೆಂಡ್, ಅದೇ ಸ್ಪೀಡ್‌ಲೈಟಿನಲ್ಲಿ 1/128ಕ್ಕೆ ಇಳಿಸಿದರೆ ಅರ್ಧ ವ್ಯಾಟ್-ಸೆಕೆಂಡಿನ ಹತ್ತಿರ. ಮುಖದಿಂದ ಒಂದು ಮೀಟರ್ ದೂರದಲ್ಲಿ ದೀಪವಿಟ್ಟು, ಹಿನ್ನೆಲೆ ಮಸುಕಾಗಲೆಂದು ಎಫ್/1.8ರಲ್ಲಿ ತೆಗೆಯಲು ಹೋದರೆ ಮೊನೊಲೈಟಿನ ಅತಿ ಕಡಿಮೆ ಬೆಳಕೂ ಅತಿಯಾಗುತ್ತದೆ. ಆಗ ಲೆನ್ಸಿಗೆ ಕಪ್ಪು ಎನ್‌ಡಿ ಫಿಲ್ಟರ್ ಹಾಕಬೇಕು, ಇಲ್ಲವೇ ದೀಪವನ್ನು ದೂರ ಸರಿಸಿ ಬೆಳಕಿನ ಮೃದುತ್ವವನ್ನು ಕಳೆದುಕೊಳ್ಳಬೇಕು. ಹಾಗಾಗಿ ಚಿಕ್ಕ ಕೋಣೆಗೆ 200 ವ್ಯಾಟ್-ಸೆಕೆಂಡಿನದು ಸಾಕು, ಅದರಲ್ಲಿಯೂ ಶಕ್ತಿಯನ್ನು ಹೆಚ್ಚು ಕೆಳಗಿಳಿಸಬಲ್ಲ ಮಾದರಿಯೇ ಮೇಲು. ಹತ್ತು ಹನ್ನೆರಡು ಜನರ ಗುಂಪನ್ನು ಎಫ್/11ರಲ್ಲಿ ತೆಗೆಯುವ ಕೆಲಸವಿದ್ದವರಿಗೆ 400 ಬೇಕಾದೀತು.

ಇನ್ನೊಂದು ವ್ಯತ್ಯಾಸವನ್ನು ಮಾರುವವರು ಹೇಳುವುದಿಲ್ಲ. ಸ್ಪೀಡ್‌ಲೈಟಿನ ಶಕ್ತಿಯನ್ನು ಇಳಿಸಿದಷ್ಟೂ ಅದರ ಮಿಂಚು ಮೊಟಕಾಗುತ್ತದೆ, ಆದ್ದರಿಂದ ಚಿಮ್ಮುವ ನೀರಿನ ಹನಿಯನ್ನು ಹಿಡಿದು ನಿಲ್ಲಿಸಲು ಅದನ್ನು 1/32 ಅಥವಾ 1/64ರಲ್ಲಿ ಬಳಸುತ್ತಾರೆ. ವೋಲ್ಟೇಜನ್ನು ತಗ್ಗಿಸುವ ಮೂಲಕ ಶಕ್ತಿ ಇಳಿಸುವ ಅಗ್ಗದ ಮೊನೊಲೈಟುಗಳಲ್ಲಿ ಇದು ತಿರುಗುಮುರುಗು, ಶಕ್ತಿ ಇಳಿದಂತೆ ಮಿಂಚು ಉದ್ದವಾಗುತ್ತದೆ. ಹನಿ, ಹಾರುವ ಕೂದಲು, ಜಿಗಿತ ಇವು ನಿಮ್ಮ ಆಸಕ್ತಿಯಾದರೆ ಅಗ್ಗದ ಮೊನೊಲೈಟಿಗಿಂತ ಅಗ್ಗದ ಸ್ಪೀಡ್‌ಲೈಟೇ ಚುರುಕು.

ಎರಡು ಫ್ಲ್ಯಾಶುಗಳಿಗೂ ಸಮಾನವಾದ ಮಿತಿ ಸಿಂಕ್ ವೇಗ, ಅಂದರೆ ಫ್ಲ್ಯಾಶಿನೊಡನೆ ಬಳಸಬಹುದಾದ ಅತಿ ವೇಗದ ಶಟರ್. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250ಕ್ಕಿಂತ ವೇಗದ ಶಟರ್ ಇಟ್ಟರೆ ಚಿತ್ರದ ಒಂದು ಭಾಗ ಕಪ್ಪು ಪಟ್ಟಿಯಾಗಿ ಬರುತ್ತದೆ. ಇದನ್ನು ಮೀರುವ ಹೈ ಸ್ಪೀಡ್ ಸಿಂಕ್ ಸೌಕರ್ಯಕ್ಕೆ ಒಳಾಂಗಣದಲ್ಲಿ ಹೆಚ್ಚು ಕೆಲಸವಿಲ್ಲ, ಬಿಸಿಲಿನಲ್ಲಿ ತೆಗೆಯುವವರಿಗೆ ಅದು ಬೇಕು. ಒಳಾಂಗಣದಲ್ಲಿ ಈ ಮಿತಿಯೇ ಒಂದು ಅನುಕೂಲವನ್ನೂ ಕೊಡುತ್ತದೆ: 1/200, ಎಫ್/8, ಐಎಸ್‌ಒ 100 ಇಟ್ಟರೆ ಕೋಣೆಯ ಸಾಮಾನ್ಯ ಬಲ್ಬುಗಳ ಬೆಳಕು ಚಿತ್ರದಲ್ಲಿ ಮೂಡುವುದೇ ಇಲ್ಲ, ಫ್ಲ್ಯಾಶಿನ 5500 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕು ಮಾತ್ರ ಉಳಿಯುತ್ತದೆ.

ಎಲ್‌ಇಡಿ

ಎಲ್‌ಇಡಿಯ ದೊಡ್ಡ ಗುಣ, ಕಣ್ಣಿಗೆ ಕಂಡದ್ದೇ ಚಿತ್ರದಲ್ಲಿ ಬರುವುದು. ದೀಪವನ್ನು ಒಂದು ಗೇಣು ಸರಿಸಿದರೆ ಕೆನ್ನೆಯ ನೆರಳು ಹೇಗೆ ಬದಲಾಯಿತು ಎಂಬುದು ಅಲ್ಲಿಯೇ ಕಾಣುತ್ತದೆ, ಟ್ರಿಗರ್ ಬೇಡ, ಸಿಂಕ್ ವೇಗದ ಗೋಜಿಲ್ಲ, ಅದೇ ದೀಪದಲ್ಲಿ ವಿಡಿಯೊ ಕೂಡ ಆಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗೆ ಬೇರೆ ಆಯ್ಕೆಯೇ ಇಲ್ಲವೆನ್ನಬಹುದು, ಏಕೆಂದರೆ ಫ್ಲ್ಯಾಶಿನ ಟ್ರಿಗರ್ ಕೂರಿಸುವ ಹಾಟ್ ಶೂ ಅದರಲ್ಲಿಲ್ಲ, ಮೊಬೈಲಿನ ಶಟರ್ ಸ್ಟುಡಿಯೋ ಫ್ಲ್ಯಾಶಿಗೆ ಹೊಂದುವಂತಹುದೂ ಅಲ್ಲ.

ಆದರೆ ಎಲ್‌ಇಡಿ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ವಸ್ತುಗಳು ಮಾರಾಟವಾಗುತ್ತವೆ. ಉಂಗುರದಂತಹ ರಿಂಗ್ ಲೈಟ್ ಮುಖಕ್ಕೆ ನೆರಳಿಲ್ಲದ ಸಮತಟ್ಟು ಬೆಳಕನ್ನು ಕೊಟ್ಟು ಕಣ್ಣಿನ ಪಾಪೆಯಲ್ಲಿ ಬಳೆಯ ಗುರುತು ಬಿಡುತ್ತದೆ. ಕ್ಯಾಮೆರಾದ ಎದುರು ಕುಳಿತು ಮಾತನಾಡುವವರಿಗೆ ಅದು ಸರಿ, ಬೆಳಕು-ನೆರಳನ್ನು ಕಲಿಯಬೇಕಾದವರಿಗೆ ಅದರಲ್ಲಿ ಕಲಿಯಲು ಹೆಚ್ಚೇನೂ ಇಲ್ಲ. ಚಪ್ಪಟೆ ಪ್ಯಾನೆಲುಗಳು ಹಗುರ, ಆದರೆ ಅವುಗಳಿಗೆ ಬೇಕಾದ ಸಾಫ್ಟ್‌ಬಾಕ್ಸ್ ಸಿಕ್ಕಿಸುವುದು ಕಷ್ಟ. ಸಿಒಬಿ ಎನ್ನುವ, ಒಂದೇ ಬಿಂದುವಿನಿಂದ ಬೆಳಕು ಬೀರುವ, ನೋಡಲು ಮೊನೊಲೈಟಿನಂತೆಯೇ ಇರುವ ದೀಪಗಳು ಮೂರನೆಯ ಬಗೆ. ಛಾಯಾಗ್ರಾಹಕರು ಕೊಳ್ಳಬೇಕಾದದ್ದು ಇದನ್ನು, ಕನಿಷ್ಠ 60 ವ್ಯಾಟಿನದನ್ನು. ಭಾವಚಿತ್ರಕ್ಕಾದರೆ 100ರಿಂದ 150 ವ್ಯಾಟ್.

ಕೊಳ್ಳುವ ಮುನ್ನ ಬಣ್ಣದ ನಿಖರತೆ ಹೇಳುವ ಸಿಆರ್‌ಐ ಅಂಕ 95ಕ್ಕಿಂತ ಮೇಲಿದೆಯೇ ನೋಡಿ, ಅಷ್ಟಕ್ಕೇ ನಿಲ್ಲಬೇಡಿ. ಆ ಅಂಕ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪನ್ನು ಅಳೆಯುವ ಆರ್9 ಎಂಬ ಅಂಕ ಅದರಲ್ಲಿ ಸೇರಿಲ್ಲ, ಚರ್ಮದ ಬಣ್ಣಕ್ಕೂ ಟೊಮೆಟೊವಿನ ಬಣ್ಣಕ್ಕೂ ಬೇಕಾದದ್ದು ಅದೇ. ಆರ್9 ಅಂಕವನ್ನು ಬೇರೆಯಾಗಿ ಮುದ್ರಿಸಿರುವ ತಯಾರಕರಿಗೆ ಮುಚ್ಚಿಡುವಂತಹದ್ದು ಕಡಿಮೆ ಎಂದು ತಿಳಿಯಬಹುದು. ಒಂದು ಮೀಟರಿನಲ್ಲಿ ಇಷ್ಟು ಲಕ್ಸ್ (ಬೀಳುವ ಬೆಳಕಿನ ಅಳತೆ) ಎಂಬ ಹೇಳಿಕೆಯನ್ನೂ ಎಚ್ಚರದಿಂದ ಓದಬೇಕು. ಬೆಳಕನ್ನು ಒಂದೇ ಕಡೆ ಕೂಡಿಸುವ ಲೋಹದ ರಿಫ್ಲೆಕ್ಟರನ್ನು ಮುಂದೆ ಸಿಕ್ಕಿಸಿ ಅಳೆದ ಸಂಖ್ಯೆ, ಅದಿಲ್ಲದೆ ಅಳೆದ ಸಂಖ್ಯೆಯ ಹಲವು ಪಟ್ಟು ಬರುತ್ತದೆ. ವಿಡಿಯೊದಲ್ಲಿ ಧ್ವನಿಯನ್ನೂ ಹಿಡಿಯುವವರು ಫ್ಯಾನಿನ ಸದ್ದನ್ನು ಕೇಳಿಯೇ ಕೊಳ್ಳಬೇಕು.

ಭಾವಚಿತ್ರಕ್ಕೆ ಫ್ಲ್ಯಾಶಿನ ಕಡೆ ನನ್ನ ಒಲವು ಏಕೆಂದರೆ, ಮುಖದ ಹತ್ತಿರವಿಟ್ಟ 150 ವ್ಯಾಟಿನ ಎಲ್‌ಇಡಿ ಎದುರಿಗಿರುವವರ ಕಣ್ಣನ್ನು ಕಿರಿದಾಗಿಸುತ್ತದೆ. ಪಾಪೆ ಕುಗ್ಗುತ್ತದೆ, ಕೆಲವರು ಹತ್ತು ನಿಮಿಷದಲ್ಲಿ ಕಣ್ಣೀರು ಒರೆಸಿಕೊಳ್ಳತೊಡಗುತ್ತಾರೆ. ಫ್ಲ್ಯಾಶ್ ಮಿಂಚಿ ಮರೆಯಾಗುವುದರಿಂದ ಈ ತೊಂದರೆಯಿಲ್ಲ.

ಸಿಎಫ್‌ಎಲ್ ಕಿಟ್

ನಾನು ಮೊದಲು ಕೊಂಡದ್ದು ಇದನ್ನೇ. ಎರಡು ಸಾಫ್ಟ್‌ಬಾಕ್ಸ್, ಎರಡು ಸ್ಟ್ಯಾಂಡ್, ಎರಡು ದಪ್ಪ ಸುರುಳಿ ಬಲ್ಬು ಒಂದೇ ಡಬ್ಬಿಯಲ್ಲಿ ಬಂದಾಗ ಸ್ಟುಡಿಯೋವೇ ಮನೆಗೆ ಬಂದಂತಾಗಿತ್ತು. ಬಲ್ಬಿನ ಮೇಲೆ ದೊಡ್ಡದಾಗಿ ಬರೆದಿದ್ದ ವ್ಯಾಟ್ ಹಳೆಯ ತಂತಿ ಬಲ್ಬಿಗೆ ‘ಸಮಾನವಾದ’ ಸಂಖ್ಯೆ, ನಿಜವಾಗಿ ಅದು ಬಳಸುತ್ತಿದ್ದದ್ದು ಅದರ ಕಾಲುಭಾಗಕ್ಕೂ ಕಡಿಮೆ. ಮುಖಗಳು ತುಸು ಹಸಿರಿಗೆ ತಿರುಗಿದವು, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೇ ಇರಲಿಲ್ಲ, ವರ್ಷ ತುಂಬುವ ಮೊದಲೇ ಒಂದು ಸ್ಟ್ಯಾಂಡಿನ ಕಾಲು ಮುರಿಯಿತು. ಟ್ರೈಪಾಡ್ ಇದ್ದು ಸಣ್ಣ ವಸ್ತುಗಳ ಚಿತ್ರವನ್ನಷ್ಟೇ ತೆಗೆಯುವವರಿಗೆ ಇಂದಿಗೂ ಅದು ನಡೆದೀತು. ಉಳಿದವರು ಅದೇ ಹಣವನ್ನು ಕೂಡಿಟ್ಟು ಒಂದೇ ಒಂದು ಒಳ್ಳೆಯ ದೀಪ ಕೊಳ್ಳುವುದು ಲೇಸು.

ದೀಪಕ್ಕಿಂತ ಮುಂದಿನದು

ಈ ಮೂರು ಮುಖ್ಯ ದೀಪಗಳಲ್ಲಿ ಯಾವುದನ್ನೇ ಕೊಂಡರೂ, ಅದರ ಮುಂದೆ ಏನನ್ನು ಇಡುತ್ತೀರಿ ಎಂಬುದು ಚಿತ್ರವನ್ನು ಹೆಚ್ಚು ಬದಲಿಸುತ್ತದೆ. ಬೆಳಕಿನ ಮೃದುತ್ವ ನಿಂತಿರುವುದು, ವಸ್ತುವಿನಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ. ಸೂರ್ಯ ಅಷ್ಟು ದೊಡ್ಡದಾದರೂ ಅಷ್ಟು ದೂರವಿರುವುದರಿಂದ ಅದರ ನೆರಳು ಕತ್ತರಿಸಿದಂತೆ ಬೀಳುತ್ತದೆ, ಅದೇ ಸೂರ್ಯನಿಗೆ ಮೋಡ ಅಡ್ಡ ಬಂದರೆ ಆಕಾಶವಿಡೀ ದೀಪವಾಗಿ ನೆರಳು ಕರಗುತ್ತದೆ. ಹಾಗಾಗಿ ಸುಮಾರು ಒಂದು ಮೀಟರ್ ಅಗಲದ ಬಿಳಿ ಛತ್ರಿಯನ್ನು ಮುಖದ ಹತ್ತಿರ ತಂದಾಗ ಕೊಡುವ ಬೆಳಕನ್ನು, ಎಷ್ಟೇ ದುಬಾರಿಯಾದ ಬರಿಯ ದೀಪವೂ ಕೊಡಲಾರದು. ದೀಪ ಎಷ್ಟು ದೂರವಿರಬೇಕೆಂಬ ಅಂದಾಜಿಗೆ ಸಾಫ್ಟ್‌ಬಾಕ್ಸಿನ ಕರ್ಣದಷ್ಟು ದೂರ ಎಂದು ಹಿಡಿದರೆ ಆರಂಭಕ್ಕೆ ಸಾಕು.

ಛತ್ರಿ ಅಗ್ಗ, ಬೇಗ ಬಿಚ್ಚಿಕೊಳ್ಳುತ್ತದೆ, ಆದರೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಬಣ್ಣ ಬಳಿದ ಗೋಡೆಗಳಿರುವ ಚಿಕ್ಕ ಕೋಣೆಯಲ್ಲಿ ಆ ಚೆಲ್ಲಿದ ಬೆಳಕು ಗೋಡೆಯ ಬಣ್ಣವನ್ನು ಹೊತ್ತು ಮುಖಕ್ಕೆ ಮರಳುತ್ತದೆ. ಅಂತಹ ಕಡೆ ಜಾಲರಿ ಹಾಕಿದ ಸಾಫ್ಟ್‌ಬಾಕ್ಸೇ ಬೇಕು. ಗೋಡೆಗಳು ಬಿಳಿಯಾಗಿದ್ದರೆ ಛತ್ರಿಯಿಂದಲೇ ಶುರು ಮಾಡಿ.

ಸಾಫ್ಟ್‌ಬಾಕ್ಸ್ ಕೊಳ್ಳುವಾಗ ಬೋವೆನ್ಸ್ ಎಸ್ ಮೌಂಟಿನದನ್ನೇ ಕೇಳಿ. ಬೋವೆನ್ಸ್ ಎಂಬ ಆ ಬ್ರಿಟಿಷ್ ಕಂಪನಿ 2017ರಲ್ಲಿ ಮುಚ್ಚಿಹೋಯಿತು, ಅದರ ಮೂರು ಹಲ್ಲಿನ ಮೌಂಟ್ ಮಾತ್ರ ಬೇರೆ ತಯಾರಕರ ಮೊನೊಲೈಟ್ ಮತ್ತು ಸಿಒಬಿ ಎಲ್‌ಇಡಿಗಳಲ್ಲಿ ಬದುಕಿ ಉಳಿದಿದೆ. ಸ್ಪೀಡ್‌ಲೈಟನ್ನು ಹಿಡಿದಿಡುವ ಎಸ್ ಮಾದರಿಯ ಬ್ರ್ಯಾಕೆಟ್ಟಿಗೂ ಅದು ಹೊಂದುತ್ತದೆ. ಇಂದು ಸ್ಪೀಡ್‌ಲೈಟಿಗೆಂದು ಕೊಂಡ ಸಾಫ್ಟ್‌ಬಾಕ್ಸ್ ನಾಳೆ ಮೊನೊಲೈಟಿಗೂ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಬೇರೆ ಮೌಂಟುಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಎರಡನೆಯ ದೀಪದ ಆಸೆ ಬೇಗ ಹುಟ್ಟುತ್ತದೆ. ಸ್ವಲ್ಪ ತಡೆಯಿರಿ. ಮುಖದ ನೆರಳಿನ ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆಯನ್ನು ನಿಲ್ಲಿಸಿದರೆ ಎರಡನೆಯ ದೀಪದ ಅರ್ಧ ಕೆಲಸ ಮುಗಿಯುತ್ತದೆ, ಕಪ್ಪು ಬಟ್ಟೆ ತೂಗುಬಿಟ್ಟರೆ ನೆರಳು ಇನ್ನಷ್ಟು ಗಾಢವಾಗುತ್ತದೆ. ಹಿನ್ನೆಲೆಯನ್ನು ಕಪ್ಪಾಗಿಸಲು ಕಪ್ಪು ಕಾಗದವೂ ಬೇಕಿಲ್ಲ: ಬೆಳಕು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ, ದೀಪ ಮುಖದಿಂದ ಒಂದು ಮೀಟರ್ ಮತ್ತು ಗೋಡೆಯಿಂದ ಮೂರು ಮೀಟರ್ ದೂರವಿದ್ದರೆ ಗೋಡೆಗೆ ಬೀಳುವುದು ಮುಖದ ಬೆಳಕಿನ ಒಂಬತ್ತನೆಯ ಒಂದು ಭಾಗ ಮಾತ್ರ. ಬೂದು ಗೋಡೆ ಕಪ್ಪಾಗಿ ಕಾಣಲು ಅಷ್ಟು ಸಾಕು.

ಸ್ಟ್ಯಾಂಡಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಛತ್ರಿ ಹೊತ್ತ ಹಗುರ ಸ್ಟ್ಯಾಂಡು ಫ್ಯಾನಿನ ಗಾಳಿಗೂ ವಾಲುತ್ತದೆ. ಕಾಲುಗಳನ್ನು ಅಗಲವಾಗಿ ಹರಡಿ, ಮರಳಿನ ಚೀಲವೊಂದನ್ನು ತೂಗುಬಿಡಿ. ಚೀಲವಿಲ್ಲದಿದ್ದರೆ ನೀರು ತುಂಬಿದ ಕ್ಯಾನಾದರೂ ಆದೀತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ ಇದೆ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶುಗಳ ಟ್ರಿಗರ್ ವೋಲ್ಟೇಜ್ 200ನ್ನೂ ದಾಟುತ್ತದೆ, ಅದನ್ನು ಡಿಜಿಟಲ್ ಕ್ಯಾಮೆರಾದ ಹಾಟ್ ಶೂವಿಗೆ ನೇರವಾಗಿ ಸಿಕ್ಕಿಸಿದರೆ ಕ್ಯಾಮೆರಾದ ಸರ್ಕಿಟ್ ಸುಡಬಹುದು. ಹಳೆಯ ಫ್ಲ್ಯಾಶ್ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಅದರ ಕಾಂಟ್ಯಾಕ್ಟಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆದ ಮೇಲೆಯೇ ಕ್ಯಾಮೆರಾದ ಮೇಲೆ ಇಡಬೇಕು, ಇಲ್ಲವೇ ಇನ್ನೊಂದು ಫ್ಲ್ಯಾಶಿನ ಮಿಂಚು ಕಂಡೊಡನೆ ತಾನೂ ಮಿಂಚುವಂತೆ ಮಾಡುವ ಆಪ್ಟಿಕಲ್ ಸ್ಲೇವ್ ಜೋಡಿಸಿ ಕ್ಯಾಮೆರಾದಿಂದ ದೂರವೇ ನಿಲ್ಲಿಸಬೇಕು.